ಟಾರ್ಪಾಲಿನಲ್ಲಿ ಸುತ್ತಿಟ್ಟ ಇಂಟರ್ನ್

ಶ್ರೀಕರ್ ಬೇಸ್‌ಬಾಲ್ ತಂಡದಲ್ಲಿದ್ದಾನೆ ಎಂದು ಅವನ ತಾಯಿ ಹಿಕ್ಸ್‌ವಿಲ್‌ನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ. ಕೇಳಿದ ಆಂಟಿಯರು ಅವನ ಭುಜದ ಅಗಲವನ್ನು ಕಣ್ಣಲ್ಲೇ ಅಳೆದು, "ಹೌದಾ?" ಎಂದು ಮೆಂತ್ಯದ ಕಟ್ಟಿನ ಕಡೆ ತಿರುಗುತ್ತಿದ್ದರು. ಇಪ್ಪತ್ತೈದರ ಶ್ರೀಕರ್ ಚೆಂಡು ಎಸೆದರೆ ಅದು ಮೊದಲು ನೆಲವನ್ನು ಮಾತಾಡಿಸಿ ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ತಂಡದಲ್ಲಿ ಅವನು ಸೋಶಿಯಲ್ ಮೀಡಿಯಾ ಇಂಟರ್ನ್.

ತಂಡದ ಹೆಸರು ಹೆಂಪ್‌ಸ್ಟೆಡ್ ಹೆರಾನ್ಸ್, ಅಂದರೆ ಕೊಕ್ಕರೆಗಳು. ದೊಡ್ಡ ಲೀಗಿನಿಂದ ಜಾರಿ ಬಿದ್ದವರೂ ಅಲ್ಲಿಗೆ ಎಂದೂ ಏರಲಾರದವರೂ ಸೇರಿ ಆಡುವ ಸಣ್ಣ ವೃತ್ತಿಪರ ತಂಡ. ಶ್ರೀಕರ್ ಎರಡು ಫೋನು ಹಿಡಿದು ಮೈದಾನದ ಅಂಚಿನಲ್ಲಿ ಓಡಾಡುತ್ತ, ಯಾರು ಹೊಡೆದರು, ಯಾರು ಔಟಾದರು, ಕೊಕ್ಕರೆ ವೇಷದವನು ಯಾವ ಮಗುವನ್ನು ಅಳಿಸಿದ ಎಂಬುದನ್ನೆಲ್ಲ ತಂಡದ ಹೆಸರಿನಲ್ಲಿ ಪೋಸ್ಟ್ ಮಾಡಬೇಕು. ಮಳೆ ಬಂದರೆ ಫೋನು ಜೇಬಿಗಿಟ್ಟು, ಉಳಿದ ಇಂಟರ್ನ್‌ಗಳ ಜೊತೆ ಮೈದಾನದ ಮೇಲೆ ಟಾರ್ಪಾಲು ಎಳೆಯಬೇಕು. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟಿನಲ್ಲಿ ಅವನು ಮಾಡಿದ ಎರಡು ವರ್ಷದ ಎಂ.ಎಸ್.ನಲ್ಲಿ ಟಾರ್ಪಾಲಿನ ಪಾಠ ಅದು ಹೇಗೋ ಬಿಟ್ಟುಹೋಗಿತ್ತು.

ಇದನ್ನೆಲ್ಲ ಅವನು ಸಹಿಸಿಕೊಂಡಿದ್ದು ಅಕ್ಟೋಬರಿಗಾಗಿ. ಸೀಸನ್ ಮುಗಿದ ಮೇಲೆ ಇಂಟರ್ನ್‌ಗಳಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕಾಯಂ ಕೆಲಸ ಎಂದು ತಂಡದವರು ಹೇಳಿದ್ದರು. ಸೇತುವೆ ಎಂಜಿನಿಯರಾದ ತಂದೆ ಜಗದೀಶರೂ ಅದೇ ಗಡುವು ಕೊಟ್ಟಿದ್ದರು: "ಅಕ್ಟೋಬರ್ ತನಕ ನೋಡ್ತೀನಿ. ಆಮೇಲೆ ಸುಮ್ನೆ ಡೇಟಾ ಅನಲಿಟಿಕ್ಸ್‌ಗೆ ಸೇರ್ಕೋ. ಫೋನ್ ಹಿಡ್ಕೊಂಡು ನಿಲ್ಲೋದಕ್ಕೆ ನಮ್ಮನೇಲೂ ಜಾಗ ಇದೆ."

ಕೆಲಸ ಕೊಡಿಸಿದವನು ವಿಕ್ರಾಂತ್, ಪಕ್ಕದೂರು ಜೆರಿಕೋದವನು, ಮೂವತ್ತನಾಲ್ಕು ವರ್ಷ, ತಂಡದ ಡಿಜಿಟಲ್ ಮ್ಯಾನೇಜರ್. ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಇಬ್ಬರ ತಾಯಂದಿರೂ ಒಂದೇ ಟೇಬಲ್ಲಿನಲ್ಲಿ ಕೂತು ದೋಸೆ ತಿನ್ನುತ್ತ ಈ ಇಂಟರ್ನ್‌ಶಿಪ್ಪನ್ನು ಗಟ್ಟಿ ಮಾಡಿದ್ದರು. ಆಫೀಸಿನಲ್ಲಿ ವಿಕ್ರಾಂತ್ ಶುದ್ಧ ಇಂಗ್ಲಿಷಿನವನು. ಅವನ ಬಾಯಲ್ಲಿ ಕನ್ನಡ ಬಂತೆಂದರೆ ಏನೋ ಬಿಟ್ಟಿ ಕೆಲಸ ಬಂತೆಂದು ಅರ್ಥ. "ಮಗಾ, ಭಾನುವಾರ ಫ್ರೀ ಇದೀಯಾ?" ಎಂದರೆ ಆ ಭಾನುವಾರ ಹೋಯಿತು. ಅದು ಗೊತ್ತಿದ್ದೂ ಆ 'ಮಗಾ' ಕಿವಿಗೆ ಬಿದ್ದೊಡನೆ ಶ್ರೀಕರನಿಗೆ ತಾನು ಒಳಗಿನವನು ಅನ್ನಿಸಿಬಿಡುತ್ತಿತ್ತು. ದಡ್ಡತನಕ್ಕೆ ಡಿಗ್ರಿ ಅಡ್ಡ ಬರುವುದಿಲ್ಲ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಹಾಲೊವೆಲ್ ಎಂಬ ಪಿಚರ್ ಚೆಂಡು ಎಸೆಯುತ್ತಿದ್ದ. ವಯಸ್ಸು ಮೂವತ್ತಾರು. ಚಳಿಗಾಲದಲ್ಲಿ ಮನೆಮನೆಗೆ ಹೀಟಿಂಗ್ ಆಯಿಲ್ ಹಾಕುವ ಲಾರಿ ಓಡಿಸುತ್ತಿದ್ದ. ಇದೇ ತನ್ನ ಕೊನೆಯ ಸೀಸನ್ ಎಂದು ಎಲ್ಲರಿಗೂ ಹೇಳಿದ್ದ. ಅವತ್ತು ಅವನ ಕೈಗೆ ಏನು ಬಂದಿತ್ತೋ, ಏಳು ಇನ್ನಿಂಗ್ಸ್ ಮುಗಿದರೂ ಎದುರಾಳಿಗಳಿಗೆ ಚೆಂಡು ಹೊಡೆದು ಔಟಾಗದೆ ಓಡಿ ದಕ್ಕಿಸಿಕೊಳ್ಳುವ ಹಿಟ್ ಒಂದೂ ಸಿಕ್ಕಿರಲಿಲ್ಲ. ಇನ್ನಿಂಗ್ಸಿಗೆ ಮೂರರಂತೆ ಔಟು ಮಾಡುತ್ತ ಹೀಗೇ ಒಂಬತ್ತೂ ಮುಗಿಸಿದರೆ ಅದು ನೋ-ಹಿಟರ್. ಎಷ್ಟೋ ಪಿಚರ್‌ಗಳು ಒಂದನ್ನೂ ಕಾಣದೆ ನಿವೃತ್ತರಾಗುತ್ತಾರೆ.

ಆದರೆ ಆಟ ನಡೆಯುವಾಗ ಆ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿಲ್ಲ. ಹೇಳಿದರೆ ಕೆಟ್ಟಿತು ಎಂದೇ ನಂಬಿಕೆ. ಪಿಚರ್ ಬಂದು ಬೆಂಚಿನಲ್ಲಿ ಕೂತರೆ ಪಕ್ಕದಲ್ಲಿದ್ದವರು ಮೆಲ್ಲಗೆ ಎದ್ದು ದೂರ ಹೋಗುತ್ತಾರೆ. ಈ ಪದ್ಧತಿಯನ್ನು ಶ್ರೀಕರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಧಾರವಾಡದ ಕಡೆಯ ಅವನ ತಾಯಿ, ಯಾರಾದರೂ ಕೂಸನ್ನು ನೋಡಿ ಗುಂಡಗಿದೆ ಎಂದರೆ ಸಾಕು, "ಹಂಗ ಅನಬ್ಯಾಡ್ರಿ, ನಿನ್ನಿಯಿಂದ ಹಾಲಽ ಕುಡದಿಲ್ಲ ಅದು" ಎಂದು ಹಸಿ ಸುಳ್ಳು ಹೇಳುವವರು. ಹಾಗಾಗಿ ಐದನೇ ಇನ್ನಿಂಗ್ಸಿನಿಂದ ಅವನು ಬರೀ ಹಾಲೊವೆಲ್‌ನ ಕೈಯ ಫೋಟೊ ಹಾಕುತ್ತಿದ್ದ. ಅಕ್ಷರ ಒಂದೂ ಇಲ್ಲ. ಅಭಿಮಾನಿಗಳು ಅರ್ಥ ಮಾಡಿಕೊಂಡು, ಉಸಿರು ಬಿಗಿಹಿಡಿದು ಬರೀ ಚುಕ್ಕೆಗಳನ್ನು ಕಮೆಂಟ್ ಮಾಡುತ್ತಿದ್ದರು.

ಆಗ ಫೋನು ಬಂತು. ವಿಕ್ರಾಂತ್ ಮೇಲೆ ಎ.ಸಿ. ಬಾಕ್ಸಿನಲ್ಲಿ ಪ್ರಾಯೋಜಕರಾದ ಹಾಸಿಗೆ ಅಂಗಡಿಯವರ ಜೊತೆ ಕೂತಿದ್ದ.

"ಮಗಾ, ನೋ-ಹಿಟರ್ ಅಂತ ದೊಡ್ಡದಾಗಿ ಹಾಕು. ಕೆಳಗೆ ಇವರ ಲೋಗೋ ಇರ್ಲಿ."

"ವಿಕ್ರಾಂತ್, ಈಗ ಆ ಹೆಸರು ಎತ್ತಬಾರದು. ನಿಮಗೇ ಗೊತ್ತಲ್ಲ."

"ಏ, ನಿಮ್ಮಮ್ಮನ ತರ ಆಡ್ಬೇಡ. ಚೆಂಡಿಗೆ ಫೋನ್ ಓದೋಕೆ ಬರುತ್ತಾ?"

"ಒಂದು ಮೆಸೇಜ್ ಮಾಡಿಬಿಡಿ ಹಾಗಾದ್ರೆ."

"ಈಗ ಹೇಳ್ತಿಲ್ವಾ? ನನ್ನ ಮೇಲೆ ನಂಬಿಕೆ ಇಲ್ವೇನೋ?"

ಮನೆಯ ಭಾಷೆಯಲ್ಲಿ ನಂಬಿಕೆಯ ಮಾತು ಬಂದ ಮೇಲೆ ಮುಗಿಯಿತು, ಅಲ್ಲಿಂದಾಚೆ ಸಾಕ್ಷಿ ಕೇಳುವುದು ಅಸಹ್ಯ. ಪಕ್ಕದಲ್ಲಿ ನಿಂತಿದ್ದ ಫೋಟೊಗ್ರಾಫರಿಗೆ ಕೇಳಿಸಿದ್ದು ಶ್ರೀಕರನ "ಹಾಂ, ಹಾಂ, ಆಯ್ತು" ಅಷ್ಟೇ. ಎಂಟನೇ ಇನ್ನಿಂಗ್ಸಿನ ಮೊದಲ ಚೆಂಡಿಗೆ ಪೋಸ್ಟ್ ಹೋಯಿತು: ನೋ-ಹಿಟರ್‌ಗೆ ಇನ್ನು ಆರೇ ಔಟ್. ಕೆಳಗೆ ಹಾಸಿಗೆ.

ಎರಡು ಔಟಾದವು. ಮೂರನೆಯವನು ಆ ತಂಡದಲ್ಲೇ ಅತಿ ದುರ್ಬಲ ಬ್ಯಾಟರ್. ಅವನ ಬ್ಯಾಟಿನ ತುದಿಗೆ ತಾಗಿದ ಚೆಂಡು ನಾಚಿಕೊಂಡು ಮೇಲೆದ್ದು, ಇಬ್ಬರು ಫೀಲ್ಡರುಗಳ ನಡುವೆ ಹುಲ್ಲಿನ ಮೇಲೆ ಮೆತ್ತಗೆ ಕೂತಿತು. ಹಿಟ್. ಮೂರು ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಎಲ್ಲರೂ ಫೋನು ತೆಗೆದರು.

ಅರ್ಧ ಗಂಟೆಯಲ್ಲಿ ನಾಲ್ಕು ಸಾವಿರ ಬೈಗುಳ. ಅದನ್ನೆಲ್ಲ ಓದಬೇಕಾದವನೂ ಶ್ರೀಕರನೇ, ಅದು ಅವನ ಕೆಲಸದ ಪಟ್ಟಿಯಲ್ಲಿತ್ತು. ಆಟದ ನಂತರ ಅವನು ಕ್ಯಾಮೆರಾ ಎತ್ತಿದಾಗ ಹಾಲೊವೆಲ್ ಅಂಗೈಯನ್ನು ಲೆನ್ಸಿಗೆ ಅಡ್ಡ ಹಿಡಿದು ದಾಟಿಹೋದ.

ಜನರಲ್ ಮ್ಯಾನೇಜರ್ ಡೋನಾ ಇಬ್ಬರನ್ನೂ ತನ್ನ ರೂಮಿಗೆ ಕರೆದು ಯಾರು ಹಾಕಿದ್ದು ಎಂದು ಕೇಳಿದಳು. "ಇಂಟರ್ನ್ ಸ್ವಲ್ಪ ಎಕ್ಸೈಟ್ ಆಗಿಬಿಟ್ಟ," ಎಂದ ವಿಕ್ರಾಂತ್, ಸೊಗಸಾದ ಇಂಗ್ಲಿಷಿನಲ್ಲಿ. ಶ್ರೀಕರ್ ಅವನ ಮುಖ ನೋಡಿದ. ವಿಕ್ರಾಂತ್ ಗೋಡೆಯ ಮೇಲಿನ ಕೊಕ್ಕರೆಯನ್ನು ನೋಡುತ್ತಿದ್ದ.

ಪಾರ್ಕಿಂಗ್ ಲಾಟಿಗೆ ಬಂದ ಮೇಲೆ ಕನ್ನಡ ವಾಪಸಾಯಿತು. "ಇದೊಂದು ನಿನ್ನ ಮೇಲೆ ಹಾಕ್ಕೊಂಡ್‌ಬಿಡೋ. ನಂಗೆ ಮಾರ್ಟ್‌ಗೇಜು, ಮೇಲೆ ಮಗು ಬರ್ತಿದೆ. ಇಂಟರ್ನ್ ತಪ್ಪು ಅಂದ್ರೆ ಜನ ನಕ್ಕು ಮರೀತಾರೆ. ಅಕ್ಟೋಬರಲ್ಲಿ ಫುಲ್‌ಟೈಮ್ ನಿಂದೇ, ನಾನಿದೀನಿ. ಒಂದು ಕ್ಷಮಾಪಣೆ ಬರಿ, ಫನ್ನಿಯಾಗಿ."

ಶ್ರೀಕರ್ ಬರೆದ. ಅವನ ದುರದೃಷ್ಟಕ್ಕೆ ಅದು ಚೆನ್ನಾಗಿ ಬಂತು. ಸುರುಳಿ ಸುತ್ತಿದ ಟಾರ್ಪಾಲಿನ ಹಿಂದೆ ತಾನೇ ಅಂಗಾತ ಮಲಗಿ, ಬೂಟುಕಾಲು ಎರಡೂ ಹೊರಗೆ ಕಾಣುವಂತೆ ಫೋಟೊ ತೆಗೆಸಿದ. ಕೆಳಗೆ: "ನಮ್ಮ ಇಂಟರ್ನ್ ಹೇಳಬಾರದ್ದನ್ನು ಹೇಳಿದ. ಅವನನ್ನು ಟಾರ್ಪಾಲಿನಲ್ಲಿ ಸುತ್ತಿಟ್ಟಿದ್ದೇವೆ. ಮುಂದಿನ ಮಳೆಗೆ ಬಿಚ್ಚುತ್ತೇವೆ."

ಮರುದಿನದ ಹೊತ್ತಿಗೆ ಇಪ್ಪತ್ತು ಲಕ್ಷ ಜನ ನೋಡಿದ್ದರು. ಟಿ.ವಿ.ಯವರು ತೋರಿಸಿ ನಕ್ಕರು. ಕನ್ನಡದ ಅಂಕಲ್‌ಗಳ ವಾಟ್ಸಾಪ್ ಗುಂಪಿಗೂ 'ಯಾವನೋ ಪೆದ್ದ' ಎಂಬ ಶೀರ್ಷಿಕೆಯೊಂದಿಗೆ ಬಂತು. ತಾಯಿ ಫೋಟೊ ದೊಡ್ಡದು ಮಾಡಿ ನೋಡಿದರು.

"ಈ ಬೂಟು ನಾ ಕೊಡಿಸಿದ್ದಲ್ಲೇನೋ?"

"ಹೌದಮ್ಮಾ."

"ನೀ ಹಂಗ ಹಾಕಾಂವ ಅಲ್ಲ. ಯಾರು ಹೇಳಿದ್ರು?"

"ಯಾರೂ ಇಲ್ಲ."

"ವಿಕ್ರಾಂತನ ತಾಯಿ ಮುಂಜಾನೆ ಫೋನ್ ಮಾಡಿದ್ಲು. ಹುಡುಗರು ತಪ್ಪು ಮಾಡ್ತಾವ, ನಮ್ಮ ವಿಕ್ರಾಂತ ಸಂಭಾಳಿಸ್ಯಾನ ಅಂದ್ಲು. ನಾ ಥ್ಯಾಂಕ್ಸ್ ಅಂದೆ."

ಶ್ರೀಕರ್ ಬಾಯಿ ತೆರೆದವನು ತಟ್ಟೆಯಲ್ಲಿದ್ದ ರೊಟ್ಟಿಯನ್ನೇ ಅದಕ್ಕೆ ತುರುಕಿದ.

ಅಕ್ಟೋಬರ್ ಬಂತು. ಆ ಕ್ಷಮಾಪಣೆ ಪೋಸ್ಟಿನ ಹೆಸರಿನಲ್ಲಿ ವಿಕ್ರಾಂತ್ ಡಿಜಿಟಲ್ ಡೈರೆಕ್ಟರ್ ಆದ. ಕಾಯಂ ಕೆಲಸ ಟಿಕೆಟ್ ವಿಭಾಗದ ಇಂಟರ್ನ್ ಹುಡುಗಿಗೆ ಹೋಯಿತು. "ಒಳ್ಳೇ ಹುಡುಗ ನೀನು," ಎಂದಳು ಡೋನಾ, "ಆದರೆ ಅಷ್ಟು ಮೂಲಭೂತ ತಪ್ಪು ಮಾಡಿದವನ ಕೈಗೆ ಅಕೌಂಟ್ ಹೇಗೆ ಕೊಡಲಿ?" ವಿಕ್ರಾಂತ್ ಕೈ ಕುಲುಕಿ ಒಳ್ಳೆಯದಾಗಲಿ ಎಂದ. ಇಂಗ್ಲಿಷಿನಲ್ಲಿ.

ತಂದೆ ಡೇಟಾ ಅನಲಿಟಿಕ್ಸ್ ಕೋರ್ಸಿನ ಲಿಂಕ್ ಕಳಿಸಿದರು, ಬೇರೆ ಮಾತಿಲ್ಲ. ಅದನ್ನು ತೆರೆಯುವ ಮೊದಲು ಶ್ರೀಕರ್ ಇನ್ನೊಂದೇ ಇಂಟರ್ವ್ಯೂಗೆ ಹೋದ. ನ್ಯೂಜೆರ್ಸಿಯ ಇಂಥದೇ ಒಂದು ತಂಡ, ಕಾಯಂ ಕೆಲಸ. ಎದುರಿಗೆ ಕೂತ ಹೆಂಗಸು ಅವನ ಅತ್ಯುತ್ತಮ ಪೋಸ್ಟ್ ತೋರಿಸಲು ಹೇಳಿದಳು. ಅವನಲ್ಲಿ ತೋರಿಸುವಂಥದ್ದು ಇದ್ದಿದ್ದೇ ಒಂದು.

"ಇದನ್ನ ಬರೆದದ್ದು ನೀವಾ?" ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಅಂದ ಹಾಗೆ, ಆ ಇಂಟರ್ನ್ ಏನಾದ? ನಿಜವಾಗಲೂ ತೆಗೆದುಹಾಕಿದ್ರಾ?"

ಅದೇ ಬೂಟು ಅವನ ಕಾಲಲ್ಲಿ, ಮೇಜಿನ ಕೆಳಗಿತ್ತು. ಶ್ರೀಕರ್ ಒಂದು ಕ್ಷಣ ಯೋಚಿಸಿದ. ನಿಜ ಹೇಳಿದರೆ ಬರೆದ ಜಾಣನೂ ಹೋಗುತ್ತಾನೆ, ಸುತ್ತಿಟ್ಟ ಪೆದ್ದನೊಬ್ಬನೇ ಉಳಿಯುತ್ತಾನೆ.

"ತೆಗೆದ್ರು," ಎಂದ.

"ಪಾಪ. ಆದರೂ ಸರಿಯಾಯ್ತು ಬಿಡಿ. ಅಷ್ಟೂ ಗೊತ್ತಿಲ್ಲದವನು ಈ ಕೆಲಸಕ್ಕೆ ಬರಲೇಬಾರದು."

"ಹೌದು. ಅವನು ಸ್ವಲ್ಪ ದಡ್ಡ," ಎಂದ ಶ್ರೀಕರ್. ಅವಳ ಜೊತೆ ನಕ್ಕ. ಅವಳು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಕ್ಕ.

ಕೆಲಸ ಸಿಕ್ಕಿತು.