ಆಕಳಿಗೆ ಹಾಕಿದ ಪ್ರಸಾದ

ಹುನಗುಂದದ ಒಂದು ಕ್ರೈಸ್ತ ಶಾಲೆಯಲ್ಲಿ ನಾನು ಕನ್ನಡ ಕಲಿಸಲು ಸೇರಿ ಇಪ್ಪತ್ತು ವರ್ಷ ದಾಟಿತು. ದಿನಾ ಇಳಕಲ್ಲಿನಿಂದ ಬಸ್ಸು, ದಿನಾ ಅದೇ ನೂಕುನುಗ್ಗಲು. ಕಳೆದ ವರ್ಷ ಹೆಡ್‌ಮಾಸ್ತರರು ಇನ್ನೊಂದು ಪಿರಿಯಡ್ಡನ್ನು ನನ್ನ ಕೊರಳಿಗೆ ಕಟ್ಟಿದರು. ಬೇರೆ ಬೇರೆ ನಂಬಿಕೆಯ ಮಕ್ಕಳು ಪ್ರೀತಿಯಿಂದ, ಅಂಜದೆ ಮಾತಾಡುವುದನ್ನು ಕಲಿಸಬೇಕಂತೆ. ಸ್ಟಾಫ್ ರೂಮಿನಲ್ಲಿ ನಾವೇ ಅದನ್ನು ಕಲಿತಿಲ್ಲವಲ್ಲ ಸರ್ ಎನ್ನಬೇಕೆನಿಸಿತು. ವಾದ ಮಾಡುವಷ್ಟು ಜೀವ ಇರಲಿಲ್ಲ, ಹೂಂ ಎಂದೆ.

ಒಂಬತ್ತನೇ ತರಗತಿಗೆ, ಶನಿವಾರದ ಕೊನೆಯ ಪಿರಿಯಡ್. ನಿಯಮ ಒಂದೇ ಇಟ್ಟೆ. ಉತ್ತರ ಕೊಡುವ ಮೊದಲು ಎದುರಿನವರು ಹೇಳಿದ್ದನ್ನು ತಿರುಗಿ ಹೇಳಬೇಕು. ‘ಹೌದು, ನಾ ಅಂದಿದ್ದು ಇದನ್ನ’ ಎಂದು ಅವರು ಒಪ್ಪಿದ ಮೇಲೆಯೇ ತಮ್ಮ ಮಾತು. ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ.

ಶ್ರಾವಣ ಬಂತು. ಮೊದಲ ಬೆಂಚಿನಲ್ಲಿ ಒಂದನೇ ತರಗತಿಯಿಂದಲೂ ಜೋಡಿಯಾಗಿ ಕೂರುವ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಊರಿನ ಲಿಂಗಾಯತರ ಮನೆಯವಳು. ಇನ್ನೊಬ್ಬಳು ನಮ್ಮ ಚರ್ಚಿನ ಸಭೆಯವಳು, ಇಳಕಲ್ಲಿನಿಂದ ನನ್ನ ಬಸ್ಸಿಗೇ ಬರುವವಳು. ಶ್ರಾವಣ ಸೋಮವಾರ ಬಂತೆಂದರೆ ಮೊದಲನೆಯವಳು ಮನೆಯ ಪೂಜೆಯ ಕೊಬ್ಬರಿ, ಸಕ್ಕರೆ, ಉತ್ತತ್ತಿ ತಂದು ನನಗೂ ಸೇರಿ ಎಲ್ಲರಿಗೂ ಹಂಚುತ್ತಿದ್ದಳು. ಗೆಳತಿ ಪ್ರತಿವರ್ಷ ತಿನ್ನುತ್ತಿದ್ದಳು. ಆ ವರ್ಷ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ನಂಬಿಕೆಯನ್ನು ತಾನೇ ಎಲ್ಲರೆದುರು ಒಪ್ಪಿಕೊಳ್ಳುವ ವಿಧಿಗೆ, ತಯಾರಾಗುತ್ತಿದ್ದವಳು ಕೈ ಹಿಂದೆ ಕಟ್ಟಿಕೊಂಡು, “ಒಲ್ಲೆ, ಪೂಜಿದು ನಾವು ತಿನ್ನೂದಿಲ್ಲ” ಎಂದುಬಿಟ್ಟಳು. ಕೊಡಲು ಬಂದವಳು ತನ್ನ ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ವಾರವಿಡೀ ಇಬ್ಬರಿಗೂ ಮಾತಿಲ್ಲ.

ಶನಿವಾರ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಈ ಗೆಳೆತನ ಇವತ್ತು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ ಎಂದು ನನಗೆ ಗೊತ್ತಿತ್ತು.

“ನಿಮ್ಮ ಕ್ರಿಸ್‌ಮಸ್ ಚಕ್ಲಿ, ಕರ್ಜಿಕಾಯಿ ನಾ ತಿಂತೇನಿ. ನಮ್ಮದೇನು ಹೊಲಸೇನು?” ಎಂದಳು ಹಿಂದಿನ ಬೆಂಚಿಗೆ ಹೋದವಳು.

ನಿಯಮದಂತೆ ಇನ್ನೊಬ್ಬಳು ಅದನ್ನು ತಿರುಗಿ ಹೇಳಬೇಕಿತ್ತು. “ನಾ ಒಲ್ಲೆ ಅಂದಿದ್ದಕ್ಕ ನಿನಗ, ನಾ ನಿನ್ನ ಹೊಲಸು ಅಂದಂಗಾತು” ಎಂದಳು.

“ಹೌದು, ಇದನ್ನ ನಾ ಅಂದಿದ್ದು.”

“ಹಂಗಲ್ಲಲೇ. ತಿಂದ್ರ ದೇವರಿಗೆ ಸುಳ್ಳು ಹೇಳಿದಂಗಾಕ್ಕೈತಿ. ಇಸ್ಕೊಂಡು ಒಗದ್ರ ನಿನಗ ಸುಳ್ಳು ಹೇಳಿದಂಗ. ಅಕ್ಕೋರು ಮಾಡ್ದಂಗ ನನಗ ಮಾಡಾಕ ಆಗಲಿಲ್ಲ.”

ತರಗತಿಯೆಲ್ಲ ನನ್ನತ್ತ ತಿರುಗಿತು. ಹುಡುಗಿ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಆಡಿಯಾಗಿತ್ತು.

ಪೂಜೆಯದನ್ನು ನಾನೂ ತಿನ್ನುವುದಿಲ್ಲ, ಆದರೂ ಪ್ರಸಾದವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಮನೆಗೆ ಹೋಗಿ ತಿಂತೇನಿ ಎನ್ನುತ್ತಿದ್ದೆ, ಮರುದಿನ ರುಚಿಯಾಗಿತ್ತು ಎನ್ನುತ್ತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆ ಪೊಟ್ಟಣ ಬಿಚ್ಚಿ ಆಕಳಿಗೆ ಹಾಕಿ ಬಸ್ಸು ಹತ್ತುತ್ತಿದ್ದೆ. ಅದೇ ಬಸ್ಸಿಗೆ ಕಾಯುವವಳು ಅದನ್ನು ನೋಡಿದ್ದಳು. ಯಾರ ಮನಸ್ಸೂ ನೋಯಲಿಲ್ಲ, ಆಕಳೂ ತಿಂದಂತಾಯಿತು ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

“ಖರೇನ್ರಿ ಅಕ್ಕೋರ?” ಎಂದು ಪ್ರಸಾದ ತರುವವಳು ಕೇಳಿದಳು.

ಸುಳ್ಳು ಹೇಳಲು ಬೇಕಾದಷ್ಟು ಅಭ್ಯಾಸವಿತ್ತು, ಆದರೆ ಅದಕ್ಕೂ ಶಕ್ತಿ ಇರಲಿಲ್ಲ. “ಖರೆ” ಎಂದೆ.

“ಅವ್ವ ನಿಮ್ಮ ಪಾಲಿಂದು ಬ್ಯಾರೆ ಕಟ್ಟತಿದ್ಲರಿ. ನಿಮಗ ಉತ್ತತ್ತಿ ಸೇರ್ತಾವಂತ ನಾಕು ಜಾಸ್ತಿ ಹಾಕತಿದ್ಲು.”

ನಾನೇ ಮಾಡಿದ ನಿಯಮ. ಅವಳ ಮಾತನ್ನು ನಾನು ತಿರುಗಿ ಹೇಳಬೇಕಿತ್ತು. ಬಾಯಿ ತೆರೆದರೆ ಅಳು ಬಂತು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡದಿದ್ದುದೇ ಸರಿ. ಎದ್ದು ತನ್ನ ಚೀಲ ತಂದು, ಗೆಳತಿಯ ಪಕ್ಕ ಕೂತಳು.

ಮರು ಸೋಮವಾರ ಮತ್ತೆ ಪ್ರಸಾದ ತಂದಳು. ಬೆಂಚಿನ ಗೆಳತಿಗೆ, “ನೀ ಒಲ್ಲಿ, ಗೊತ್ತೈತಿ” ಎಂದು ನಕ್ಕು ಮುಂದೆ ಸರಿದಳು. ಎಲ್ಲರಿಗೂ ಹಂಚಿ, ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೊಡಲಿಲ್ಲ, ಹೋಗಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕಾದಳು.

“ಬ್ಯಾಡವಾ” ಎಂದೆ.

“ಆತ್ರಿ” ಎಂದಳು.