ಅಪ್ಪನ ಸೋಮವಾರಕ್ಕೆ ಐದು ಐರನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲಕ್ವಾ ಹೊಡೆದ ಮೇಲೆ ಅಪ್ಪ ಗಾಲ್ಫ್ ಹೇಗೆ ಆಡುತ್ತಾನೆಂದು ಅವನ ಗೆಳೆಯರ ಮುಂದೆ ಆಡಿ ತೋರಿಸಿದವನು ನಾನೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನನ್ನ ಹಿಂದೆಯೇ ಚಹಾದ ಗ್ಲಾಸು ಹಿಡಿದು ನಿಂತಿದ್ದ.

ಇನ್ನೊಬ್ಬರ ಹಾಗೆ ಆಡಿ ತೋರಿಸುವುದೊಂದೇ ನನಗೆ ಬಂದ ವಿದ್ಯೆ. ವಿಕ್ರೋಳಿಯ ಆಫೀಸಿನಲ್ಲಿ ಮ್ಯಾನೇಜರು ರಜೆ ಹಾಕಿದ ದಿನ ಅವರ ದನಿಯಲ್ಲಿ ಮೀಟಿಂಗ್ ನಡೆಸುತ್ತೇನೆ. ಸಯನ್ ಸ್ಟೇಷನ್ನಿನ ಅನೌನ್ಸ್‌ಮೆಂಟು ಬರುತ್ತದೆ. ಊರಿಂದ ಫೋನ್ ಬಂದಾಗ, ತಂತಿಯಿಲ್ಲದೆಯೂ ವಿಜಯಪುರಕ್ಕೆ ಕೇಳಿಸುವಷ್ಟು ಏರುವ ಅವ್ವನ ದನಿಯೂ ಬರುತ್ತದೆ. ನನ್ನ ಸ್ವಂತ ದನಿಯಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದೇನಿಲ್ಲ. ಮೂಗಿನಲ್ಲಿ ನೆಗಡಿ ಕಾಯಂ ಬಾಡಿಗೆಗಿದ್ದಂತೆ ಕೇಳಿಸುತ್ತದೆ.

ಅಪ್ಪ ಚೆಂಬೂರಿನ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಕ್ಯಾಡಿ. ಸಾಹೇಬರ ಚೀಲ ಹೊತ್ತು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಆರಿಸಿ ಕೈಗೆ ಕೊಡುವ ಕೆಲಸ. ಮೂವತ್ತು ವರ್ಷ ಹೊತ್ತ. ಸೋಮವಾರ ಮೈದಾನ ಸಾಹೇಬರಿಗೆ ಬಂದ್. ಆ ಬೆಳಗು ಕ್ಯಾಡಿಗಳದು, ಬೇಕಾದವರು ಆಡಬಹುದು. ಅಪ್ಪನಲ್ಲಿ ಸಾಹೇಬರು ಬೇಡವೆಂದು ಬಿಟ್ಟ ನಾಲ್ಕು ಐರನ್‌ಗಳಿದ್ದವು, ಒಂದಕ್ಕೊಂದು ಜೋಡಿಯಿಲ್ಲದ ಕಬ್ಬಿಣದ ತಲೆಯ ಕೋಲುಗಳು. ಅವನ್ನು ಹೆಗಲಿಗೇರಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಡುತ್ತಿದ್ದ. ನಮ್ಮ ಮನೆಯಲ್ಲಿ ದೀಪಾವಳಿ ತಪ್ಪಿದ್ದುಂಟು, ಅಪ್ಪನ ಸೋಮವಾರ ತಪ್ಪಿದ್ದಿಲ್ಲ.

ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈಯ ಹಿಡಿತ ಸಡಿಲಾಯಿತು, ಬಲಗಾಲು ಎಳೆಯತೊಡಗಿತು. ಚೀಲ ಹೊರುವುದು ನಿಂತು, ಶೆಡ್ಡಿನಲ್ಲಿ ಕೂತು ಕೋಲು ಒರೆಸುವ ಕೆಲಸ ಸಿಕ್ಕಿತು. ಆದರೂ ಸೋಮವಾರ ಬಿಡಲಿಲ್ಲ. ಚೆಂಡು ಈಗ ಐರನ್ನಿನ ನಡುವಿಗೆ ಸಿಗದೆ ಅಂಚಿಗೆ ತಗುಲುತ್ತಿತ್ತು. ತೆಳ್ಳನೆಯ ಹಳೆಯ ಐರನ್, ಅಂಚಿಗೆ ತಗುಲಿದರೆ ಮೊಣಕೈವರೆಗೆ ಝುಂ ಎನ್ನುತ್ತದೆ. ಅಪ್ಪ ಕೈ ಜಾಡಿಸಿ, ತುಟಿ ಕಚ್ಚಿ, ಆ ಕಾಲನ್ನು ಎಳೆದುಕೊಂಡು ಮತ್ತೆ ನಿಲ್ಲುತ್ತಿದ್ದ. ರಜೆಯಿದ್ದ ಒಂದು ಸೋಮವಾರ ನಾನೂ ಜೊತೆಗೆ ಹೋದೆ, ನೋಡಿದೆ. ಶೆಡ್ಡಿನಲ್ಲಿ ಆಡಿ ತೋರಿಸಿದ್ದು ಅದನ್ನೇ. ತುಟಿ ಕಚ್ಚುವುದನ್ನೂ ಬಿಡಲಿಲ್ಲ.

ನಗು ತಟಕ್ಕನೆ ನಿಂತಾಗ ತಿರುಗಿ ನೋಡಿದೆ. ಅಪ್ಪನೂ ನಕ್ಕ. "ಭಾರಿ ಮಾಡ್ತಾನ ನನ್ನ ಮಗ" ಎಂದು ಗ್ಲಾಸನ್ನು ನನ್ನ ಕೈಗಿಟ್ಟ. ಚಹಾ ನನಗೇ ತಂದಿದ್ದು.

ಮುಂದಿನ ಸೋಮವಾರ ಅವನು ಎದ್ದದ್ದೇ ಎಂಟಕ್ಕೆ. "ಕೈ ನೋಯ್ತದ" ಎಂದ. ಅದರ ಮುಂದಿನ ಸೋಮವಾರವೂ ಅದೇ ಮಾತು. ಹೀಗೇ ಎರಡು ತಿಂಗಳಾಯಿತು. "ಸೋಮಾರ ಇವರು ಗ್ವಾಡಿ ನೋಡ್ಕೋತ ಕೂಡ್ತಾರ. ನನಗ ನೋಡ್ಲಿಕ್ಕಾಗವಲ್ದು" ಎಂದಳು ಅವ್ವ.

ಕೈನೋವು ಎಂಬುದನ್ನು ನಾನು ನಂಬಿದೆ. ನಂಬುವುದರಲ್ಲಿ ನನಗೆ ಲಾಭವಿತ್ತು: ನೋವು ಕೈಯದಾದರೆ ಅಂಗಡಿಗೆ ಹೋಗಿ ಏನಾದರೂ ತರಬಹುದು. ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಫೋನಿನಲ್ಲಿ ವೀಡಿಯೊ ನೋಡಿದೆ. ಹೊಡೆತ ತಪ್ಪಿದರೂ ಸಂಭಾಳಿಸಿಕೊಳ್ಳುವ ಐರನ್‌ಗಳಿವೆಯಂತೆ. ಬೆನ್ನು ಟೊಳ್ಳು, ತೂಕ ಅಂಚಿನಲ್ಲಿ, ತಳ ಅಗಲ. ಚೆಂಡು ಎಲ್ಲಿ ತಗುಲಿದರೂ ಕೋಲು ಕೈಯಲ್ಲಿ ತಿರುಚಿಕೊಳ್ಳುವುದಿಲ್ಲ. ಹೊಸದರ ಬೆಲೆ ನೋಡಿ ಫೋನ್ ಜೇಬಿಗಿಟ್ಟೆ. ನನ್ನಲ್ಲಿದ್ದದ್ದು ಹನ್ನೆರಡು ಸಾವಿರ.

ಪರೇಲಿನಲ್ಲಿ ಹಳೆಯ ಸೆಟ್ ಮಾರುವವನೊಬ್ಬ ಸಿಕ್ಕ. ನಾನು ಜಾಣ, ದೊಡ್ಡ ಸಾಹೇಬನ ದನಿಯಲ್ಲಿ ಇಂಗ್ಲಿಷಿನಲ್ಲಿ ಫೋನ್ ಮಾಡಿದೆ. ಮರ್ಯಾದೆ ಸಿಕ್ಕಿತು, ಜೊತೆಗೆ ರೇಟೂ ಇಪ್ಪತ್ತು ಸಾವಿರಕ್ಕೇರಿತು. ಆಮೇಲೆ ಅಪ್ಪನ ಜೊತೆಗಾರ ಕ್ಯಾಡಿ, ನಮ್ಮ ಕಡೆಯವನೇ ಆದ ಕಾಕಾನನ್ನು ಕರೆದುಕೊಂಡು ಹೋದೆ.

"ಏ ನಾಟಕ ಕಂಪನಿ, ಬಾಯಿ ಮುಚ್ಚಿ ನಿಲ್ಲು" ಎಂದ ಕಾಕಾ ಬಾಗಿಲಲ್ಲೇ. "ನೀ ದನಿ ತಗದಂಗ ರೇಟ್ ಏರ್ತದ."

ನಾನು ಕೈಹಾಕಿದ್ದು ಕನ್ನಡಿಯಂತೆ ಹೊಳೆಯುವ ತೆಳು ಸೆಟ್ಟಿಗೆ. ಕಾಕಾ ಅದರ ಮುಖ ತಿರುಗಿಸಿ ತೋರಿಸಿದ. ನಟ್ಟನಡುವೆ, ರೂಪಾಯಿಯಷ್ಟಗಲ ಮಾತ್ರ ಸವೆದಿತ್ತು.

"ಇದರ ಸಾಹೇಬ ಪ್ರತಿ ಸಲ ಇಲ್ಲೇ ಹೊಡದಾನ. ಇದು ತಪ್ಪದವರ ಮಾಲು."

ಇನ್ನೊಂದು ಸೆಟ್ ದಪ್ಪ ತಳದ್ದು, ಮಂಕು. ಮುಖದ ತುಂಬ ಗೀರು, ಅಂಚಿನಲ್ಲೂ ಗೀರು.

"ಇವ ನೋಡು, ಸಿಕ್ಕಸಿಕ್ಕಲ್ಲೆ ಹೊಡದಾನ. ಆದ್ರೂ ಬಿಡದ ಆಡ್ಯಾನ. ಇದ ತಗೋ."

ಒಂದೊಂದನ್ನೇ ಕಿವಿಯ ಬಳಿ ಅಲುಗಿಸಿ, ತಲೆ ಸಡಿಲವಾಗಿದೆಯೇ ಎಂದು ಆಲಿಸಿದ. ಕೋಲು ಉಕ್ಕಿನದಲ್ಲ, ಹಗುರ ಗ್ರಾಫೈಟಿನದು. ಕೈಗೆ ಅದುರು ಕಡಿಮೆ. ನಾಲ್ಕು, ಐದನೇ ನಂಬರಿನ ಉದ್ದ ಐರನ್‌ಗಳು ಗಟ್ಟಿ ಕೈಯವರಿಗೇ ಒಗ್ಗುವುದಿಲ್ಲವೆಂದು ಅಲ್ಲೇ ಬಿಡಿಸಿದ. ಆರರಿಂದ ಒಂಬತ್ತು, ಮೇಲೆ ಹತ್ತಿರದ ಹೊಡೆತಕ್ಕೆಂದು ವೆಜ್ ಎಂಬ ಗಿಡ್ಡ ಕೋಲೊಂದು, ಒಟ್ಟು ಐದು. ಬೆರಳು ಕೂಡಿಕೊಳ್ಳದ ಕೈಗೆಂದು ದಪ್ಪ ಗ್ರಿಪ್ ಹಾಕಿಸಿದರೂ ಹನ್ನೆರಡು ಸಾವಿರದೊಳಗೇ ಮುಗಿಯಿತು.

ಹೊರಗೆ ಬಂದಮೇಲೆ ಕಾಕಾ ಕೇಳಿದ, "ಕೈ ನೋಯ್ತದಂತ ಅಂದನಾ ಅವ?"

"ಹೂಂ."

"ನಾವೂ ನಕ್ಕೆವಲ್ಲೋ ಅವತ್ತ" ಎಂದು ಕೆಮ್ಮಿದ. ನಾನೂ ಅವನ ಹಾಗೆಯೇ ಕೆಮ್ಮಿದೆ. ಅವನು ನಗಲಿಲ್ಲ.

ಶನಿವಾರ ಸಂಜೆ ಸೆಟ್ಟನ್ನು ಅಪ್ಪನ ಮಂಚದ ಮೇಲಿಟ್ಟೆ. ಯಾರದೋ ಸಾಹೇಬರದೆಂದುಕೊಂಡು ಮೊದಲು ಒದ್ದೆ ಬಟ್ಟೆ ಕೇಳಿದ. ನಿನ್ನದೇ, ಕಾಕಾನೂ ನಾನೂ ಕೂಡಿ ಆರಿಸಿದ್ದು ಎಂದೆ. ಏಳನೇ ನಂಬರ್ ಎತ್ತಿ ತಳ ಸವರಿದ, ಬೆರಳನ್ನು ಒಂದೊಂದಾಗಿ ಗ್ರಿಪ್ಪಿಗೆ ಕೂಡಿಸಿದ. ಅವು ನಿಂತವು. ಕಪಾಟಿಗೂ ಮಿಕ್ಸರಿಗೂ ನಡುವೆ ಇದ್ದ ಮೂರಡಿ ಜಾಗದಲ್ಲಿ ಅರ್ಧ ಬೀಸಿದ. "ಟ್ಯೂಬ್‌ಲೈಟ್!" ಎಂದು ಅವ್ವ ಕೂಗಿದಳು, ಆದರೆ ನಗುತ್ತಲೇ.

"ಛಲೋ ಆರಿಸೀರಿ" ಎಂದ ಅಪ್ಪ.

"ನಾಡಿದ್ದು ಮುಂಜಾನೆ ಐದೂವರೆ ಬಸ್ಸಿಗೆ ಹೋಗೂಣು ಅಪ್ಪಾ. ನಾ ರಜಾ ಹಾಕ್ತೀನಿ."

"ಯಾರ್ಯಾರು ಇರ್ತಾರ?"

"ಎಲ್ಲಾರೂ. ಅವರ ಮುಂದ ತಪ್ಪಾತಂತ ನಿನ್ನ ಕಾಲಿಗೆ ಬೀಳ್ತೀನಿ."

ಅಪ್ಪ ಕೋಲನ್ನು ಚೀಲಕ್ಕೆ ಇಳಿಸಿದ. ಜಿಪ್ ಎಡಗೈಯಲ್ಲಿ ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ನಾನು ಕೈ ಚಾಚಿದರೆ ಬೇಡವೆಂದು ತಾನೇ ಎಳೆದು ಮುಚ್ಚಿದ.

"ಹಂಗಾರ ಇದನ್ನ ಏನ ಮಾಡ್ಲಿ ಅಪ್ಪಾ? ವಾಪಸ್ ಕೊಡ್ಲಾ?"

"ಯಾಕ ವಾಪಸ್? ಸೋಮಾರ ನೀನ ಹೋಗಿ ಆಡು. ನನ್ನ ಆಟ ಹೆಂಗೂ ನಿನಗ ಪೂರಾ ಬರ್ತದ."