ಗೆರೆ ಎಳೆದ ಸಾಲು

ನಮ್ಮ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದ ಟೈಪಿಸ್ಟಿಗೆ ಡಾಕ್ಟರುಗಳು ಇಟ್ಟ ಹೆಸರು ‘ಅಲ್ಪವಿರಾಮ’. ಎಂಥ ದೊಡ್ಡವರ ಲೇಖನವಾದರೂ ಸರಿ, ಒಂದು ಚಿಹ್ನೆ ತಪ್ಪಿದ್ದರೆ ಎದ್ದು ಹೋಗಿ ಅವರ ಮುಂದೆ ಹಿಡಿಯುತ್ತಿದ್ದಳು. ಮನೆಯಲ್ಲಿ ಅತ್ತೆ ಬರೆದ ಸಾಮಾನಿನ ಚೀಟಿಯನ್ನೂ ತಿದ್ದದೆ ಬಿಟ್ಟವಳಲ್ಲ. ಇಪ್ಪತ್ತೆರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತು ಲೈಬ್ರರಿಯ ಕೆಲಸ ಮಾಡಿದವನು ನಾನು. ಅವಳು ಹೆದರಿದ್ದನ್ನು ನೋಡಿದ್ದು ಒಂದೇ ಸಲ. ಆವತ್ತು ನಾನೂ ಹೆದರಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆ ವರ್ಷ ಮೂರು ಆಸ್ಪತ್ರೆಗಳ ಆರು ಡಾಕ್ಟರುಗಳು ಸೇರಿ ಹಸುಗೂಸುಗಳ ಚಿಕಿತ್ಸೆಗೊಂದು ಕೈಪಿಡಿ ಬರೆಯುತ್ತಿದ್ದರು. ಫೈಲು ಆರು ಕಡೆ ಅಲೆದು ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಇದೇ ಕೊನೆಯದು’ ಎಂಬ ಹೆಸರು ಹೊತ್ತು ವಾಪಸಾಗುತ್ತಿತ್ತು. ಒಬ್ಬರು ತಿದ್ದಿದ್ದು ಇನ್ನೊಬ್ಬರ ಪ್ರತಿಯಲ್ಲಿ ಇರುತ್ತಿರಲಿಲ್ಲ. ಇವಳಿಗೆ ತಲೆ ಚಿಟ್ಟು ಹಿಡಿಯಿತು. ಎಲ್ಲಿಂದಲೋ ಕಲಿತು ಬಂದು, ಇನ್ನು ಮುಂದೆ ಎಲ್ಲವೂ ‘ಬರೀ ಅಕ್ಷರದ ಫೈಲು’ ಎಂದು ಪಟ್ಟು ಹಿಡಿದಳು. ಅದರಲ್ಲಿ ಬಣ್ಣವಿಲ್ಲ, ದಪ್ಪಕ್ಷರವಿಲ್ಲ, ಯಾವ ಅಲಂಕಾರವೂ ಇಲ್ಲ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಯಾರು ಯಾವಾಗ ಯಾವ ಸಾಲು ಬದಲಿಸಿದರು ಎಂಬುದಕ್ಕೆ ಲೆಕ್ಕ ಇಡಬಹುದು.

“ಇದೇನಮ್ಮ, ಹೀಗೆ ಬೋಳು ಬೋಳಾಗಿದೆ?” ಎಂದು ವಿಭಾಗದ ಮುಖ್ಯಸ್ಥೆ, ನಮ್ಮೆಲ್ಲರ ದೊಡ್ಡ ಮೇಡಂ, ಮೂಗು ಮುರಿದರು.

“ಚೆಂದ ಬೇಡ ಮೇಡಂ, ತಪ್ಪಾಗದೇ ಇದ್ರೆ ಸಾಕು,” ಎಂದಳು ಇವಳು.

ಒಂದು ಪ್ರೋಗ್ರಾಮು ಓಡಿಸಿ ಎಂಬತ್ತು ಪುಟವನ್ನೂ ಒಂದೇ ಏಟಿಗೆ ಬದಲಾಯಿಸಿದಳು. ಆಮೇಲೆ ವಾರವಿಡೀ ಚಿಹ್ನೆಗಳನ್ನು ತಿದ್ದಿದಳು. ಆರೂ ಜನ ಓದಿ ಒಪ್ಪಿದರು. ಓದಿದರು ಅಂದರೆ, ಪ್ರತಿಯೊಬ್ಬರೂ ತಾವು ಬರೆದಷ್ಟನ್ನು ಓದಿದರು. ಸೋಮವಾರ ಬೆಳಿಗ್ಗೆ ಪ್ರಿಂಟ್ ತೆಗೆದು ಕೆಳಗಿನ ವಾರ್ಡಿಗೆ ಕಳಿಸಿದ್ದಾಯಿತು.

ಮಧ್ಯಾಹ್ನ ನಾವು ಊಟದ ಡಬ್ಬಿ ಬಿಚ್ಚುವಾಗ ಮೇಡಂ ಇಣುಕಿದರು. “ಹಳೇ ಫೈಲು ಬಿಸಾಡ್ಬೇಡಮ್ಮ. ಬೇಡ ಅಂದಿದ್ದನ್ನ ನಾನು ಅಳಿಸಲ್ಲ, ಮೇಲೆ ಗೆರೆ ಎಳೆದು ಹಾಗೇ ಬಿಟ್ಟಿರ್ತೀನಿ. ಯಾಕೆ ತೆಗೆದೆ ಅಂತ ಆಮೇಲೆ ನೋಡ್ಕೋಬಹುದು.” ಹೇಳಿ ಹೊರಟುಹೋದರು.

ಇವಳ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. “ಅಣ್ಣಾ, ಬರೀ ಅಕ್ಷರದ ಫೈಲಲ್ಲಿ ಗೆರೆ ಬರಲ್ಲ.”

“ಬರದೇ ಇದ್ರೆ ಏನಾಯ್ತೀಗ?”

“ಗೆರೆ ಹೋಗುತ್ತೆ. ಸಾಲು ಉಳಿಯುತ್ತೆ.”

ಡಬ್ಬಿ ಪಕ್ಕಕ್ಕೆ ತಳ್ಳಿ ಹಳೆಯ ಫೈಲು ತೆರೆದಳು. ನಲವತ್ತೊಂದನೆಯ ಪುಟದಲ್ಲಿ ಫಿಟ್ಸ್ ನಿಲ್ಲಿಸುವ ಔಷಧದ ಪ್ರಮಾಣವಿತ್ತು. ಬೇರೆ ಆಸ್ಪತ್ರೆಯ ಡಾಕ್ಟರೊಬ್ಬರು ಬರೆದದ್ದಕ್ಕೆ ಮೇಡಂ ಗೆರೆ ಎಳೆದು, ಅದರ ಅರ್ಧದಷ್ಟನ್ನು ಮುಂದಿನ ಪುಟದಲ್ಲಿ ಬರೆದಿದ್ದರು. ಹೊಸ ಫೈಲಿನಲ್ಲಿ ಗೆರೆ ಇಲ್ಲ; ಬೇಡವಾದ ಪ್ರಮಾಣವೇ ಮೊದಲು ಕೂತಿದೆ. ಆ ಔಷಧ ಹೆಚ್ಚಾದರೆ ಕೂಸಿನ ಉಸಿರೇ ನಿಲ್ಲಬಹುದು.

ವಾರ್ಡಿನ ಫೋನು ಎಂಗೇಜ್. ಮತ್ತೆ ಮಾಡಿದಳು, ಎಂಗೇಜ್. ಚಪ್ಪಲಿ ಮೇಜಿನಡಿಯಲ್ಲೇ ಬಿಟ್ಟು ಓಡಿದಳು. ಮೂರು ಮಹಡಿ ನಾನೂ ಹಿಂದೆಯೇ ಇಳಿದೆ. “ಯಾವ ಮಗೂಗೂ ಫಿಟ್ಸ್ ಬಂದಿರಬಾರದು, ಬಂದಿರಬಾರದು,” ಎಂದು ಮೆಟ್ಟಿಲುದ್ದಕ್ಕೂ ಅವಳದು ಅದೊಂದೇ ಮಾತು.

ಬಂದಿತ್ತು. ಕಿಟಕಿಯ ಪಕ್ಕದ ತೊಟ್ಟಿಲಲ್ಲಿ ಒಂಬತ್ತು ದಿನದ ಕೂಸು. ಔಷಧವನ್ನು ನಿಧಾನವಾಗಿ ತಳ್ಳುವ ಮಿಷನ್ನಿಗೆ ಸಿರಿಂಜು ಸಿಕ್ಕಿಸಿತ್ತು. ಪಕ್ಕದಲ್ಲಿ ನಮ್ಮ ಕೈಪಿಡಿ ತೆರೆದಿತ್ತು.

“ಸಿಸ್ಟರ್, ನಿಲ್ಸಿ! ಮೊದ್ಲು ಅದನ್ನ ನಿಲ್ಸಿ!”

ಯಾಕೆಂದು ಕೇಳುವ ಮೊದಲೇ ಸಿಸ್ಟರ್ ಗುಂಡಿ ಒತ್ತಿದರು. ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

ಮೇಡಂ ಬಂದು ತೊಟ್ಟಿಲ ಪಕ್ಕ ಕೂತರು. ನಾವು ಗಾಜಿನಾಚೆ ನಿಂತೆವು. ನಾಲ್ಕು ಗಂಟೆ ಕಾಲ ಅವಳು ಆ ಪುಟ್ಟ ಎದೆಯ ಏರಿಳಿತವನ್ನು ಎಣಿಸಿದಳು. ಒಂದು ಸಲ ಎದೆ ಏಳುವುದು ತಡವಾಯಿತು. ಅವಳು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ಚರ್ಮಕ್ಕೆ ನಾಟಿತು. ಆಮೇಲೆ ಎದೆ ಎದ್ದಿತು.

ಸಂಜೆ ಮೇಡಂ ಹೊರಗೆ ಬಂದು, “ಮಗು ಹುಷಾರಾಗಿದೆ, ಇನ್ನು ಭಯ ಇಲ್ಲ,” ಎಂದರು. ದನಿ ತಗ್ಗಿಸಿ, “ಮಗುವಿನ ಅಪ್ಪ ಅಮ್ಮನ ಹತ್ರ ನಾನು ಮಾತಾಡ್ತೀನಿ. ನೀನು ಸುಮ್ನಿರು,” ಎಂದರು.

ಅಷ್ಟರಲ್ಲಿ, ಪುಸ್ತಕದಲ್ಲಿ ತಪ್ಪಿತ್ತೆಂದು ಸಿಸ್ಟರಿಂದ ಕೇಳಿದ್ದ ಕೂಸಿನ ತಾಯಿ ಬಂದು ಇವಳ ಎರಡೂ ಕೈ ಹಿಡಿದುಕೊಂಡಳು. “ಅಕ್ಕಾ, ನೀವು ಓಡಿ ಬರದೇ ಇದ್ದಿದ್ರೆ ನನ್ನ ಮಗು ಇರ್ತಿರಲಿಲ್ಲ. ನಿಮ್ಮನ್ನ ಸಾಯೋವರೆಗೂ ಮರೆಯಲ್ಲ,” ಎಂದು ಅತ್ತಳು.

ನಾನು ಇವಳ ಸೆರಗು ಜಗ್ಗಿದೆ. ಬಾಯಿ ಬಿಡಬೇಡ ಎಂದೇ ಜಗ್ಗಿದ್ದು, ಸುಳ್ಳೇಕೆ ಹೇಳಲಿ.

“ಆ ತಪ್ಪು ಸಾಲು ಪುಸ್ತಕದಲ್ಲಿ ಬರೋ ಹಾಗೆ ಮಾಡಿದ್ದು ನಾನೇ, ತಂಗಿ,” ಎಂದುಬಿಟ್ಟಳು ಇವಳು.

ತಾಯಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೈ ಬಿಟ್ಟಳು. ವಾರ್ಡಿನೊಳಗೆ ಹೋಗಿ, ನಮಗೆ ಬೆನ್ನು ಮಾಡಿ, ಮಗು ಕಾಣದ ಹಾಗೆ ಅಡ್ಡ ನಿಂತಳು.